ಲಾರಿ ಬರುವ ಮೊದಲು ಕೇಬಲ್ ಹಾಸಿಸಿ

ರೈತ ಬಾಂಧವರಿಗೆ, ಮನೆಯಲ್ಲಿ ಕೆಲಸ ಮಾಡುತ್ತಲೇ ಕೇಳುತ್ತಿರುವ ತಾಯಂದಿರಿಗೆ ನಮಸ್ಕಾರ. ನನಗೆ ಇವತ್ತು ಕೊಟ್ಟಿರುವ ಸಮಯ ಚಿಕ್ಕದು. ಹೇಳಬೇಕಾದದ್ದೂ ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ ಲಾರಿ ಕರೆಸುವ ಮೊದಲು ನಿಮ್ಮ ಹೊಲದಲ್ಲಿ ನೀರಿನ ಜಾಗ ಹುಡುಕುವ ಕೇಬಲ್ ಹಾಸಿಸಿ. ಯಾವ ಕೇಬಲ್, ಯಾಕೆ ಹಾಸಬೇಕು, ಅದನ್ನೇ ಈಗ ವಿವರಿಸುತ್ತೇನೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಈ ಕಡೆಯವರು ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಕಾಲ ಕೆಳಗೆ ಇರುವುದು ಹೆಚ್ಚಾಗಿ ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು ಮತ್ತು ಗ್ರಾನೈಟ್, 250 ಕೋಟಿ ವರ್ಷಗಳಷ್ಟು, ಕೆಲವು ಕಡೆ ಅದಕ್ಕಿಂತಲೂ ಹಳೆಯ ಕಲ್ಲು. ಗಟ್ಟಿ ಕಲ್ಲಿನ ಒಳಗೆ ನೀರು ನಿಲ್ಲೋದಕ್ಕೆ ಜಾಗವೇ ಇಲ್ಲ. ಅದು ಇರೋದು ಎರಡೇ ಕಡೆ. ಮೇಲೆ, ಬಿಸಿಲು ಮಳೆಗೆ ಕೊಳೆತು ಪುಡಿಯಾದ ಕಲ್ಲಿನಲ್ಲಿ. ಕೆಳಗೆ, ಕಲ್ಲು ಸೀಳಿರುವ ಬಿರುಕಿನಲ್ಲಿ. ಬೋರ್ ಹುಡುಗರು ‘ಗ್ಯಾಪ್’ ಸಿಕ್ತು ಅಂತಾರಲ್ಲ, ಆ ಗ್ಯಾಪ್ ಅಂದರೆ ಈ ಬಿರುಕೇ. ಎಷ್ಟೋ ಬಿರುಕುಗಳು ನೆಟ್ಟಗೆ ನಿಂತಿರುತ್ತವೆ. ಅದಕ್ಕೇ ಪಕ್ಕದ ಹೊಲದಲ್ಲಿ ನೀರು ಉಕ್ಕುತ್ತೆ, ನಿಮ್ಮಲ್ಲಿ ಬರೀ ಧೂಳು ಹಾರುತ್ತೆ. ಹಣೆಬರಹ ಅಂತ ಕೊರಗುವ ವಿಷಯ ಅಲ್ಲ ಇದು, ಕಲ್ಲಿನ ವಿಷಯ.

ಈ ಕಲ್ಲನ್ನು ಮೇಲಿನಿಂದಲೇ ನೋಡಬಹುದು. ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತೆ, ನೀರು ಕುಡಿದ ಕಲ್ಲು ಬಿಟ್ಟುಕೊಡುತ್ತೆ. ಇಷ್ಟೇ ಇದರ ಗುಟ್ಟು. ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಹೊಡೆದು, ಎರಡರಿಂದ ಕರೆಂಟು ಬಿಟ್ಟು, ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುತ್ತೇವೆ. ಗೂಟಗಳನ್ನು ದೂರ ದೂರ ಇಟ್ಟಷ್ಟೂ ಕರೆಂಟು ಆಳಕ್ಕೆ ಇಳಿಯುತ್ತೆ. 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ ಅನ್ನೋರು ನೆಲಕ್ಕೆ ಕರೆಂಟು ಬಿಟ್ಟು ಪ್ರಯೋಗ ಶುರು ಮಾಡಿದಾಗ ಅವರಿಗೆ ಬೇಕಾಗಿದ್ದದ್ದು ಅದಿರು. ನಮಗೆ ಬೇಕಾದದ್ದು ನೀರು.

ಈಗಲೂ ಬರೀ ನಾಲ್ಕು ಗೂಟ ಇಟ್ಟುಕೊಂಡು ಒಂದು ಜಾಗದ ಲೆಕ್ಕ ಹೇಳುವವರಿದ್ದಾರೆ. ಕಲ್ಲು ಪದರ ಪದರವಾಗಿ ಮಟ್ಟಸವಾಗಿ ಮಲಗಿದ್ದರೆ ಆ ಲೆಕ್ಕ ಸರಿ. ನೆಟ್ಟಗೆ ನಿಂತ ಬಿರುಕು ಅದಕ್ಕೆ ಸಿಗೋದಿಲ್ಲ. ಅದಕ್ಕೇ ನಾನು ಕೇಬಲ್ ಅಂತ ಹಟ ಹಿಡಿಯೋದು. ಉದ್ದದ ಒಂದು ಕೇಬಲ್, ಅದಕ್ಕೆ ಸಾಲಾಗಿ 48 ಗೂಟ, ಹತ್ತು ಹತ್ತು ಮೀಟರಿಗೆ ಒಂದು. ನಡುವೆ ಕೂತ ಯಂತ್ರ ಒಂದೊಂದು ಸಲ ಬೇರೆ ಬೇರೆ ನಾಲ್ಕು ಗೂಟ ಆರಿಸಿಕೊಂಡು ನೂರಾರು ಸಲ ಅಳೆಯುತ್ತೆ. ಆ ಅಳತೆಗಳಿಂದ ಕಂಪ್ಯೂಟರು ನೆಲವನ್ನು ಉದ್ದಕ್ಕೆ ಕೊಯ್ದರೆ ಹೇಗೆ ಕಾಣುತ್ತೋ ಆ ಚಿತ್ರ ಬರೆಯುತ್ತೆ. ಗಟ್ಟಿ ಕಲ್ಲು ಕೆಂಪು, ಕರೆಂಟು ಸುಲಭವಾಗಿ ಹರಿಯುವ ಜಾಗ ನೀಲಿ.

ಮಧುಗಿರಿ ಕಡೆ ನಾನು ನೋಡಿದ ಒಂದು ಜಮೀನಿನ ಕಥೆ ಹೇಳಲೇಬೇಕು. ನಾಲ್ಕು ಎಕರೆ. ಅಡಿಕೆ ಸಸಿಗೆ ಟ್ಯಾಂಕರ್ ನೀರು ಹಾಕುತ್ತಿದ್ದರು. ಈಶಾನ್ಯ ಮೂಲೆಯಲ್ಲಿ ಅಕ್ಕಪಕ್ಕದಲ್ಲೇ ಬೋರ್ ಕೊರೆಸಿದ್ದಾರೆ, ಎಲ್ಲವೂ ಫೇಲು. ಯಜಮಾನರು ಮತ್ತೆ ಅದೇ ಮೂಲೆಗೆ ಕರೆದುಕೊಂಡು ಹೋದರು. “ಸಾರ್, ಈಶಾನ್ಯ ಬಿಟ್ಟು ಬೇರೆ ಕಡೆ ಆಗಲ್ಲ, ಜೋಯಿಸರು ಹೇಳವ್ರೆ” ಅಂದರು. ಅಲ್ಲಾ ಸ್ವಾಮಿ, ಅಷ್ಟು ದುಡ್ಡು ಆ ಮೂಲೆಗೇ ಸುರಿದಾಗಿದೆ, ಇನ್ನೂ ಸುರಿಯಬೇಕಾ?

ನಾನು ಸುತ್ತ ಕಣ್ಣಾಡಿಸಿದೆ. ಊರಾಚೆ ಗುಡ್ಡದ ಮೇಲೆ ಕರಿಕಲ್ಲಿನ ಗುಂಡುಗಳು ನೇರ ಸಾಲಾಗಿ ಇಳಿದು ಇವರ ಹೊಲದ ಕಡೆಗೇ ಬಂದಿದ್ದವು. ಆ ಕರಿಕಲ್ಲಿನ ಪಟ್ಟಿಗೆ ನಾವು ಡೈಕ್ ಅನ್ನುತ್ತೇವೆ. ಭೂಮಿಯೊಳಗೆ ಅದು ಗೋಡೆಯಾಗಿ ನಿಂತಿರುತ್ತೆ. ಕೆರೆ ಏರಿ ನೀರನ್ನು ಹೇಗೆ ತಡೆದು ನಿಲ್ಲಿಸುತ್ತೋ ಹಾಗೆ, ಇಳಿಜಾರಿನಲ್ಲಿ ನೆಲದೊಳಗೆ ಬರುವ ನೀರನ್ನು ಇದು ತನ್ನ ಮೇಲ್ಗಡೆ ನಿಲ್ಲಿಸಿಕೊಳ್ಳುತ್ತೆ. ಈ ಗೋಡೆಗೆ ಅಡ್ಡಲಾಗಿ ಕೇಬಲ್ ಹಾಸಬೇಕಿತ್ತು. ಹೊಲ ಯಾವ ಕಡೆ ಅಳೆದರೂ 200 ಮೀಟರ್ ದಾಟಲ್ಲ, ಕೇಬಲ್ ಪಕ್ಕದ ಜಮೀನಿಗೆ ಹೋಗಲೇಬೇಕು. ಪಕ್ಕದವರ ಜೊತೆ ಬದುವಿನ ಜಗಳ, ವರ್ಷಗಟ್ಟಲೆ ಮಾತಿಲ್ಲ.

ಆ ಮನೆಯ ಅಜ್ಜಿ ಹೊಲದಲ್ಲೇ ಮೇಕೆ ಮೇಯಿಸುತ್ತಿದ್ದರು. ರಾಗಿ ಕುಯ್ದಾಗಿತ್ತು, ಅಕ್ಕಡಿ ಸಾಲಿನ ಅವರೆ ಇನ್ನೂ ನಿಂತಿತ್ತು. ನಾನೇ ಹೋಗಿ ಕೇಳಿದೆ. “ನೀರಿನ ಕೆಲಸಕ್ಕೆ ಬ್ಯಾಡ ಅನ್ನಬಾರದು, ಅವರೆ ತುಳೀದಂಗೆ ಹೋಗ್ರಪ್ಪ” ಅಂದರು. ನೆಲ ಒಣಗಿತ್ತು, ಗೂಟಕ್ಕೆ ಕರೆಂಟು ಹಿಡಿಯುತ್ತಿರಲಿಲ್ಲ. ಹುಡುಗರು ಗೂಟದ ಬುಡಕ್ಕೆ ಒಂದೊಂದು ಲೋಟ ಉಪ್ಪುನೀರು ಹೊಯ್ಯುತ್ತಾ ಬಂದರು. ಅಜ್ಜಿ ಸಿಟ್ಟಾದರು. “ಉಪ್ಪು ಸುರಿದ ನೆಲದಾಗೆ ಏನ್ಲಾ ಬೆಳೀತದೆ?” ಲೋಟದಷ್ಟು ಉಪ್ಪುನೀರು ಒಂದು ಮಳೆಗೆ ತೊಳೆದು ಹೋಗುತ್ತೆ ಅಂತ ಹೇಳಿ ಒಪ್ಪಿಸಿದೆವು. ಅಳೆಯುವಾಗ ಗೂಟಕ್ಕೆ ನೂರಾರು ವೋಲ್ಟ್ ಹೋಗುತ್ತೆ, ಮುಟ್ಟಬಾರದು, ದನಕರು ಬಿಡಬಾರದು. ಕೆಲಸ ಮುಗಿಯುವವರೆಗೂ ಅಜ್ಜಿಯೇ ಮೇಕೆಗಳನ್ನು ದೂರ ಹಿಡಿದುಕೊಂಡು ನಿಂತರು.

ಚಿತ್ರ ಬಂತು. ಈಶಾನ್ಯ ಮೂಲೆಯಲ್ಲಿ 20 ಅಡಿ ಕೆಳಗಿನಿಂದಲೇ ಅಚ್ಚ ಕೆಂಪು, ಬರೀ ಬಂಡೆ. ನಡುವೆ ಡೈಕ್, ಅದೂ ಕೆಂಪು, ನೆಟ್ಟಗೆ ನಿಂತಿದೆ. ಅದರ ಮೇಲ್ಗಡೆ, ಜಗಳದ ಬದುವಿನ ಹತ್ತಿರ, ತಿಳಿನೀಲಿ ಬಣ್ಣ ಆಳಕ್ಕೆ ಇಳಿದಿತ್ತು. ಯಜಮಾನರು ಕೊರೆಸಿದ್ದ ಬೋರುಗಳೆಲ್ಲ ಗೋಡೆಯ ಈಚೆ, ನೀರು ಗೋಡೆಯ ಆಚೆ! ಅಲ್ಲೇ ಪಾಯಿಂಟ್ ಗುರುತು ಮಾಡಿದೆವು. ಕೊರೆಯುವ ದಿನ, ಮೇಲಿನ ಸಡಿಲ ಕಲ್ಲು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪೇ 80 ಅಡಿ ಇಳಿಯಿತು. 190ರ ಹತ್ತಿರ ಒಣ ಧೂಳು ನಿಂತು ಕೆಸರು ಬಂತು, ಹಿಂದೆಯೇ ನೀರು ಚಿಮ್ಮಿತು. ಲಾರಿಯವನು “800ರ ತನಕ ಹೋಗೋಣ” ಅಂದ. ಅವನಿಗೆ ಅಡಿ ಲೆಕ್ಕದಲ್ಲಿ ದುಡ್ಡು, ಅವನು ಹೇಳೋದೇ ಹಾಗೆ. 260ಕ್ಕೆ ನಿಲ್ಲಿಸಿದೆವು. ಎರಡು ಇಂಚು ನೀರು. ಲಾರಿಗಿಂತ ಮೊದಲು ಕೇಬಲ್ ಬಂದಿದ್ದರೆ ಹಿಂದಿನ ಅಷ್ಟೂ ಖರ್ಚು ಉಳಿಯುತ್ತಿತ್ತು, ಅಲ್ವಾ?

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೇಬಲ್ ಎಷ್ಟು ಉದ್ದವೋ ಸುಮಾರು ಅದರ ಐದನೇ ಒಂದು ಭಾಗದಷ್ಟು ಆಳ ಮಾತ್ರ ಕಾಣುತ್ತೆ. 500 ಮೀಟರ್ ಹಾಸಿದರೆ 100 ಮೀಟರ್, ಅಂದರೆ ಸುಮಾರು 330 ಅಡಿ. 30 ಮೀಟರ್ ತಂತಿ ಎಳೆದು ಕರೆಂಟು ಬಿಟ್ಟು “1000 ಅಡಿಗೆ ನೀರಿದೆ” ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ತೆಂಗಿನಕಾಯಿ ಎದ್ದು ನಿಂತಿತು ಅನ್ನುವವರಿಗಂತೂ ಬೇಡವೇ ಬೇಡ.

ಇನ್ನೊಂದು, ತುಂಬಾ ನೀಲಿ ಕಂಡ ತಕ್ಷಣ ಕುಣಿಯಬೇಡಿ. ಕೆರೆ ಹಿಂದಿನ ಗದ್ದೆಗಳಲ್ಲಿ ಕಡುನೀಲಿ ಅಂದರೆ ಸಾಮಾನ್ಯವಾಗಿ ಜೇಡಿಮಣ್ಣು. ನೀರು ಹಿಡಿದಿರುತ್ತೆ, ಬಿಟ್ಟುಕೊಡಲ್ಲ. ಚಿತ್ರದಲ್ಲಿ ‘ಓಮ್ ಮೀಟರ್’ ಅಂತ ಅಂಕಿ ಇರುತ್ತೆ, ಕಲ್ಲು ಕರೆಂಟನ್ನು ಎಷ್ಟು ತಡೆಯುತ್ತೆ ಅನ್ನೋದರ ಅಳತೆ ಅದು. ಗಟ್ಟಿ ಗ್ರಾನೈಟ್ ಸಾವಿರಗಳಲ್ಲಿ, ಜೇಡಿ ಹತ್ತರ ಆಸುಪಾಸು. ನಮಗೆ ಬೇಕಾದ ನೀರಿನ ಕಲ್ಲು ನಡುವೆ ಎಲ್ಲೋ ಇರುತ್ತೆ. ಅಂಕಿ ಓದಿ ಹೇಳಿ ಅಂತ ಸರ್ವೆ ಮಾಡಿದವರನ್ನೇ ಕೇಳಿ, ಸಂಕೋಚ ಬೇಡ. ಚಿತ್ರದ ಒಂದು ಪ್ರತಿ ಇಸ್ಕೊಳ್ಳಿ. ಮುಂದೆ ಇಂಗುಗುಂಡಿ ಎಲ್ಲಿ ತೆಗೆಯಬೇಕು ಅನ್ನೋದಕ್ಕೂ ಅದೇ ಬೇಕು.

ತುಮಕೂರು ಜಿಲ್ಲೆಯ ಅಂಕಸಂದ್ರದ ಕಡೆ ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಸೇರಿ ಹೆಲಿಕಾಪ್ಟರಿನಿಂದ ನೆಲದೊಳಗನ್ನು ನೋಡಿದ್ದಾರೆ. ಅದರಿಂದ ಒಂದು ಸೀಮೆಯ ಸ್ಥಿತಿ ಗೊತ್ತಾಗುತ್ತೆ. ನಿಮ್ಮ ಹೊಲದ ಪಾಯಿಂಟಿಗೆ ಕೇಬಲ್ಲೇ ಬೇಕು.

ಹಾಸಿಸೋದಾದರೆ ಮಳೆಗಾಲ ಮುಗಿದು ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ಹಾಸಿಸಿ. ಯುಗಾದಿ ಕಳೆದ ಮೇಲೆ ನೆಲ ಕಾದಿರುತ್ತೆ, ಉಪ್ಪುನೀರು ಜಾಸ್ತಿ ಬೇಕು, ಅಳತೆಯೂ ಕೆಡುತ್ತೆ. ಪಕ್ಕದ ಹೊಲದವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ. ಆಮೇಲೆ ಲಾರಿಗೆ ಫೋನ್ ಮಾಡಿ. ನಮಸ್ಕಾರ.