ಹಳೇ ಬೆಂಜ್, ಕರಾವಳಿಯ ಮಳೆಗಾಲ: ಪಾರ್ಟ್ ಬದಲಿಸುವ ಮೊದಲು ಇಷ್ಟು ನೋಡಿ

[ಪರದೆ: ಮಳೆಯಲ್ಲಿ ನಿಂತ ಡಬ್ಲ್ಯೂ-124. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉರಿಯುತ್ತಿದೆ.]

ನಮಸ್ಕಾರ. ಜೂನ್ ಅರ್ಧ ಕಳೆಯಿತು ಅಂದ್ರೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೇ ಬೆಂಜ್ ಕಾರುಗಳಿಗೆ ಒಂದೊಂದೇ ತೊಂದರೆ ಶುರುವಾಗ್ತದೆ. ಒಂದು ಬದಿಯ ಹೆಡ್‌ಲೈಟ್ ಮಂಕು. ಪವರ್ ವಿಂಡೋ ಅರ್ಧಕ್ಕೇ ನಿಲ್ತದೆ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಎಬಿಎಸ್‌ನ ದೀಪ ಬೆಳಿಗ್ಗೆ ಉರಿದು ಮಧ್ಯಾಹ್ನ ಆರ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲು ಕೇಳಿಬರುವ ಮಾತು, "ಕಂಪ್ಯೂಟರ್ ಹೋಗಿದೆ, ಬದಲಿಸಬೇಕು." ಆ ಮಾತಿಗೆ ಒಪ್ಪುವ ಮೊದಲು ಈ ವಿಡಿಯೋ ನೋಡಿ. ನಮ್ಮ ಕರಾವಳಿಯಲ್ಲಿ ಇಂಥ ಕಾರಿನ ಕರೆಂಟಿನ ತೊಂದರೆ ಬಂದಾಗ ಮೊದಲ ಅನುಮಾನ ಪಾರ್ಟ್ ಮೇಲಲ್ಲ, ಪಾರ್ಟಿಗೆ ಹೋಗುವ ಜೋಡಣೆಯ ಮೇಲೆ ಇರಬೇಕು.

ಇವತ್ತು ಮುಖ್ಯವಾಗಿ ಮಾತಾಡುವುದು ಡಬ್ಲ್ಯೂ-124 ಬಗ್ಗೆ. ಮರ್ಸಿಡಿಸ್ ಕಂಪನಿ 1994ರಲ್ಲಿ ಭಾರತಕ್ಕೆ ಬಂದು, 1995ರಲ್ಲಿ ಪುಣೆಯ ಪಿಂಪ್ರಿಯ ಟೆಲ್ಕೋ ಕಾರ್ಖಾನೆಯಲ್ಲಿ ಜೋಡಿಸಿ ಮಾರಲು ಶುರುಮಾಡಿದ ಇ-ಕ್ಲಾಸ್ ಇದೇ. ಪೆಟ್ರೋಲಿನಲ್ಲಿ ಇ-220, ಡೀಸೆಲಿನಲ್ಲಿ ಐದು ಸಿಲಿಂಡರಿನ ಇ-250. ಗಟ್ಟಿ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷದ ವಯಸ್ಸು, ಮೇಲಿಂದ ನಮ್ಮ ಉಪ್ಪು ಗಾಳಿ.

ಉಪ್ಪು ಏನು ಮಾಡ್ತದೆ ಅಂತ ಒಂದು ನಿಮಿಷ ತಿಳಿದುಕೊಳ್ಳುವಾ. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ತದೆ. ಆ ತೇವದಲ್ಲಿ ಕರೆಂಟು ಹರೀತದೆ. ವೈರಿನ ತುದಿಯ ತಾಮ್ರದ ಲಗ್ಗು ಕಬ್ಬಿಣದ ಬಾಡಿಗೆ ಬೋಲ್ಟಾಗಿರುವ ಜಾಗದಲ್ಲಿ ಎರಡು ಬೇರೆ ಲೋಹ, ನಡುವೆ ಉಪ್ಪುನೀರಿನ ತೆಳು ಪದರ. ಅಲ್ಲಿ ಕಬ್ಬಿಣ ಸವೀತಾ ಹೋಗ್ತದೆ. ಹೊರಗಿಂದ ನೋಡಿದರೆ ಬೋಲ್ಟು ಬಿಗಿಯಾಗೇ ಇರ್ತದೆ, ಕೆಳಗೆ ತುಕ್ಕು. ಸಿರ್ಸಿ, ಸಿದ್ದಾಪುರದವರಿಗೆ ಉಪ್ಪಿನ ಕಾಟ ಕಡಿಮೆ. ಆದರೆ ಅಲ್ಲಿ ತಿಂಗಳುಗಟ್ಟಲೆ ಆರದ ತೇವ, ಜೊತೆಗೆ ವೈರು ಕಡಿಯುವ ಇಲಿಗಳು.

[ಪರದೆ: ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯುವುದು. ಬಿಳಿ, ಕೆಂಪು, ನೀಲಿ ಫ್ಯೂಸುಗಳು ಹತ್ತಿರದಿಂದ.]

ಮೊದಲ ಕೆಲಸ ಫ್ಯೂಸ್. ಈ ಕಾರಿನಲ್ಲಿರುವುದು ಈಗಿನ ಚಪ್ಪಟೆ ಫ್ಯೂಸ್ ಅಲ್ಲ, ಎರಡೂ ತುದಿ ಚೂಪಾದ ಉದ್ದನೆಯ ಫ್ಯೂಸ್. ಮೈಮೇಲೆ ಒಂದು ಲೋಹದ ಪಟ್ಟಿ. ಬಿಳಿ ಅಂದ್ರೆ 8 ಆಂಪಿಯರ್, ಕೆಂಪು 16, ನೀಲಿ 25. ಪಟ್ಟಿ ಅಲ್ಯೂಮಿನಿಯಂದಾಗಿದ್ದರೆ ಅದರ ತುದಿಯಲ್ಲಿ ಕಾಣದಷ್ಟು ತೆಳುವಾದ ಪದರ ಕಟ್ತದೆ. ಫ್ಯೂಸ್ ಸುಟ್ಟಿಲ್ಲ, ಕಣ್ಣಿಗೆ ಸರಿಯಾಗೇ ಕಾಣ್ತದೆ, ಆದರೆ ಕರೆಂಟು ಪೂರ್ತಿ ದಾಟುವುದಿಲ್ಲ. ಕೀಲಿ ತೆಗೆದು, ಎಲ್ಲಾ ಸ್ವಿಚ್ ಬಂದ್ ಮಾಡಿ, ಒಂದೊಂದು ಫ್ಯೂಸನ್ನೂ ಇದ್ದ ಜಾಗದಲ್ಲೇ ಬೆರಳಿನಿಂದ ನಾಲ್ಕೈದು ಸುತ್ತು ತಿರುಗಿಸಿ. ಆಮೇಲೆ ಸ್ವಿಚ್ ಹಾಕಿದಾಗ ಸತ್ತಿದ್ದ ದೀಪ ಹತ್ತಿಕೊಂಡರೆ ರೋಗ ಎಲ್ಲಿದೆ ಅಂತ ಗೊತ್ತಾಯ್ತು. ಆಮೇಲೆ ಅಷ್ಟೂ ಫ್ಯೂಸ್ ತೆಗೆದು ತಾಮ್ರದ ಪಟ್ಟಿಯವನ್ನು ಹಾಕಿ, ಹಿಡಿದುಕೊಳ್ಳುವ ನಾಲಿಗೆಗಳನ್ನು ನುಣುಪು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಸಡಿಲಾದ ನಾಲಿಗೆಯನ್ನು ತುಸು ಒಳಗೆ ಬಗ್ಗಿಸಿ. ಖರ್ಚು ತೀರಾ ಕಡಿಮೆ. ಇದನ್ನು ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಬುಡದಲ್ಲೇ ತಪ್ಪಿದ್ದರೆ ಮೇಲಿನ ಲೆಕ್ಕವೆಲ್ಲಾ ತಪ್ಪುತ್ತದೆ.

ಎರಡನೆಯದು ಅರ್ತಿಂಗ್, ಅಂದ್ರೆ ಕರೆಂಟು ಬ್ಯಾಟರಿಯ ಮೈನಸಿಗೆ ವಾಪಸು ಹೋಗುವ ದಾರಿ. ಇದಕ್ಕೆ ಒಂದು ಸಾದಾ ಮಲ್ಟಿಮೀಟರ್ ಸಾಕು.

[ಪರದೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಲೋಹದ ಮೇಲೆ.]

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. ಸ್ಟಾರ್ಟರ್ ತಿರುಗುವಾಗ ಮೀಟರು ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಇಂಜಿನ್ನಿನಿಂದ ಬ್ಯಾಟರಿಗೆ ವಾಪಸು ಬರುವ ದಾರಿ ಕೆಟ್ಟಿದೆ. ಇನ್ನು ಹೆಡ್‌ಲೈಟ್ ಹಾಕಿ, ಲೈಟಿನ ಕಂದು ವೈರು ಮತ್ತು ಬ್ಯಾಟರಿ ಮೈನಸ್ ನಡುವೆ ನೋಡಿ. ಅಲ್ಲಿ 0.1 ವೋಲ್ಟಿನ ಆಸುಪಾಸು ಇರಬೇಕು. ಕಂದು ಯಾಕೆ ಅಂದ್ರೆ ಈ ಜರ್ಮನ್ ಕಾರುಗಳಲ್ಲಿ ಅರ್ತಿಂಗ್ ವೈರಿನ ಬಣ್ಣ ಅದೇ. ಕಪ್ಪು ವೈರನ್ನು ಅರ್ತಿಂಗ್ ಅಂದುಕೊಂಡು ಕೈ ಹಾಕಬೇಡಿ. ಜೋಡಣೆ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸ್ಲಿನ್ ಹಚ್ಚಿ. ಕ್ರಮ ಮರೆಯಬೇಡಿ: ಬಿಗಿ ಮಾಡಿದ ನಂತರ ವ್ಯಾಸ್ಲಿನ್.

ಇಷ್ಟೆಲ್ಲಾ ಸರಿಯಿದ್ದೂ ಇ-220 ನಡುಗ್ತದೆ, ಸಿಗ್ನಲ್ಲಿನಲ್ಲಿ ಬಂದ್ ಬೀಳ್ತದೆ ಅಂದ್ರೆ ಇಂಜಿನ್ನಿನ ವೈರಿಂಗ್ ನೋಡಲೇಬೇಕು. ತೊಂಬತ್ತರ ದಶಕದ ಮೊದಲರ್ಧದ ಮರ್ಸಿಡಿಸ್ ಇಂಜಿನ್ ವೈರುಗಳ ಹೊದಿಕೆ ಕಾವಿಗೆ ಒಣಗಿ ಉದುರ್ತದೆ. ಇದು ಎಲ್ಲಾ ದೇಶದಲ್ಲೂ ಕಂಡ ದೋಷ. ಇಂಜೆಕ್ಟರ್ ಹತ್ತಿರ ಹೊರಗಿನ ಕೊಳವೆ ಸರಿಸಿ, ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ. ಹೊದಿಕೆ ಹಲಸಿನ ಹಪ್ಪಳದ ಹಾಗೆ ಮುರಿದರೆ ಅಲ್ಲಿಗೇ ನಿಲ್ಲಿಸಿ, ಕಾರು ಓಡಿಸಬೇಡಿ. ಬತ್ತಲೆ ವೈರುಗಳು ಒಂದಕ್ಕೊಂದು ತಾಗಿದರೆ ಇಂಜಿನ್ ಕಂಪ್ಯೂಟರ್ ನಿಜವಾಗಿಯೂ ಸುಡಬಹುದು. ಹೊಸ ವೈರಿಂಗ್ ದುಬಾರಿ. ತಾಳ್ಮೆಯಿರುವ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಹಳೇ ಕನೆಕ್ಟರ್ ಇಟ್ಟುಕೊಂಡು, ಕಾವು ತಡೆಯುವ ಅದೇ ದಪ್ಪದ ವೈರಿನಿಂದ ಒಂದೊಂದಾಗಿ ಕಟ್ಟಿಕೊಡಬಲ್ಲರು. ಟೇಪು ಸುತ್ತಿ ಕಳಿಸುವವರನ್ನು ಮಾತ್ರ ನಂಬಬೇಡಿ.

ಡೀಸೆಲ್ ಕಾರು ಬೆಳಿಗ್ಗೆ ತುಂಬಾ ಹೊತ್ತು ತಿರುಗಿಸಿದ ಮೇಲೇ ಸ್ಟಾರ್ಟ್ ಆಗ್ತದಾ? ಪಂಪ್ ಬಿಚ್ಚಲು ಬಿಡಬೇಡಿ. ಇ-250ರಲ್ಲಿ ಡೀಸೆಲ್ ಹೋಗುವ ಸಣ್ಣ ಪ್ಲಾಸ್ಟಿಕ್ ಪೈಪುಗಳು ಪಾರದರ್ಶಕ. ಸ್ಟಾರ್ಟ್ ಮಾಡುವಾಗ ಟಾರ್ಚ್ ಹಿಡಿದು ನೋಡಿ. ಗುಳ್ಳೆ ಓಡುತ್ತಿದ್ದರೆ ಪೈಪಿನ ತುದಿಯ ರಬ್ಬರ್ ಓ-ರಿಂಗ್ ಗಟ್ಟಿಯಾಗಿದೆ. ಹೊರಗೆ ಡೀಸೆಲ್ ಸೋರುವುದಿಲ್ಲ, ಒಳಗೆ ಗಾಳಿ ಎಳೀತದೆ. ಹಾಗಾಗಿ ನೆಲದಲ್ಲಿ ಕಲೆ ಹುಡುಕಿದರೆ ಸಿಗುವುದಿಲ್ಲ.

ಹೊಸ ಕಾರಿನ ಸ್ಕ್ಯಾನರ್ ತಂದರೆ ಇದಕ್ಕೆ ಚುಚ್ಚಲು ಆಗುವುದಿಲ್ಲ. ಪರೀಕ್ಷೆಯ ಸಾಕೆಟ್ ಸ್ಟೇರಿಂಗ್ ಕೆಳಗಿಲ್ಲ, ಬಾನೆಟ್ ಕೆಳಗಿದೆ, ಆಕಾರವೂ ಬೇರೆ.

[ಪರದೆ: ಹಳೇ ಪಾರ್ಟಿನ ಮೇಲೆ ಅಚ್ಚಾದ ನಂಬರ್.]

ಸರಿ, ಪಾರ್ಟೇ ಹೋಗಿದೆ ಅಂತ ಖಾತ್ರಿಯಾಯ್ತು. ಈಗ ಅಂಗಡಿಗೆ ಫೋನ್ ಮಾಡಿ "ಬೆಂಜಿನ ಮುಂದಿನ ರಬ್ಬರ್ ಉಂಟಾ" ಅಂದ್ರೆ ಏನೋ ಒಂದು ಬರ್ತದೆ. ಹೆಸರು ಹೇಳಬೇಡಿ, ನಂಬರ್ ಹೇಳಿ. ಮರ್ಸಿಡಿಸ್ ನಂಬರಿನಲ್ಲಿ ಎ ಅಕ್ಷರದ ನಂತರದ ಮೂರು ಅಂಕಿ ಆ ಪಾರ್ಟ್ ಮೊದಲು ಯಾವ ಮಾದರಿಗೆ ಆಯ್ತು ಅನ್ನುವುದು. 124 ಅಂದ್ರೆ ಈ ಕಾರು, 111 ಅಂದ್ರೆ ಇ-220ರ ಇಂಜಿನ್, 605 ಅಂದ್ರೆ ಐದು ಸಿಲಿಂಡರಿನ ಡೀಸೆಲ್. ಅದರ ಮುಂದಿನ ಎರಡು ಅಂಕಿ ಗುಂಪು: 42 ಬ್ರೇಕ್, 54 ವೈರಿಂಗ್, ಹೀಗೆ. ಈ ಲೆಕ್ಕ ಗೊತ್ತಿದ್ದರೆ ಒಂದು ದೊಡ್ಡ ಲಾಭ ಉಂಟು. ನಿಮ್ಮ ಕಾರಿನಿಂದ ತೆಗೆದ ಪಾರ್ಟಿನ ಮೇಲೆ 201 ಅಂತ ಇದ್ದರೆ ಅದು ಸಣ್ಣ 190 ಮಾದರಿಗೂ ಆಗುವ ಸಾಮಾನು. ಹುಡುಕುವ ಜಾಗ ತಾನಾಗೇ ಹಿಗ್ಗಿತು.

ನಂಬರ್ ಅಳಿಸಿಹೋಗಿದ್ದರೆ 17 ಅಕ್ಷರದ ಚಾಸಿ ನಂಬರ್ ಕೊಟ್ಟು ಕಂಪನಿಯ ಡೀಲರ್ ಹತ್ತಿರ ಪಾರ್ಟ್ ನಂಬರ್ ತೆಗೆಸಿ. ಹಳೇ ನಂಬರ್ ರದ್ದಾಗಿ ಹೊಸದು ಬಂದಿದ್ದರೂ ಅಲ್ಲೇ ತಿಳೀತದೆ. ಕೊಳ್ಳುವುದು ಅಲ್ಲೇ ಆಗಬೇಕೆಂದಿಲ್ಲ. ಸಸ್ಪೆನ್ಷನ್ನಿಗೆ ಲೆಮ್‌ಫೋರ್ಡರ್, ಶಾಕ್ ಮತ್ತು ಕ್ಲಚ್ಚಿಗೆ ಸ್ಯಾಕ್ಸ್, ಬ್ರೇಕಿಗೆ ಎಟಿಇ, ಫಿಲ್ಟರಿಗೆ ಮಾನ್, ಇಂಜೆಕ್ಷನ್ನಿಗೆ ಬಾಷ್. ಮರ್ಸಿಡಿಸ್‌ಗೆ ಸಾಮಾನು ಮಾಡಿಕೊಡುವ ಕಂಪನಿಗಳೇ ಇವು. ಇವರದೇ ಡಬ್ಬಿಯಲ್ಲಿ ಕೊಂಡರೆ ನಕ್ಷತ್ರದ ಗುರುತಿಗೆ ಕೊಡುವ ದುಡ್ಡು ಉಳೀತದೆ.

ಹೊಸ ಸ್ಪೇರ್‌ಗೆ ಬೆಂಗಳೂರಿನ ಜೆ.ಸಿ. ರೋಡ್, ದೆಹಲಿಯ ಕಾಶ್ಮೀರಿ ಗೇಟ್. ಗುಜರಿಗೆ ಮುಂಬೈಯ ಕುರ್ಲಾ, ಚೆನ್ನೈಯ ಪುದುಪೇಟೆ. ಗುಜರಿಯಲ್ಲಿ ಗಾಜು, ಬಾಗಿಲಿನ ಹಿಡಿ, ಸ್ವಿಚ್, ಲೈಟ್, ಒಳಗಿನ ಮರದ ಪಟ್ಟಿ ಧೈರ್ಯವಾಗಿ ಕೊಳ್ಳಿ. ರಬ್ಬರಿನದ್ದು ಯಾವುದನ್ನೂ ಬೇಡ. ಬ್ರೇಕ್ ಹೋಸ್, ವಾಟರ್ ಪಂಪ್, ಸೀಟ್ ಬೆಲ್ಟ್, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕ್ ಖಂಡಿತ ಬೇಡ. ದೇವಿಮನೆ ಘಟ್ಟ ಇಳಿಯುವ ಕಾರಿಗೆ ಇನ್ನೊಬ್ಬರು ಸವೆಸಿದ ಬ್ರೇಕ್ ಹೋಸ್ ಹಾಕುವುದನ್ನು ನಾನು ಒಪ್ಪುವುದೇ ಇಲ್ಲ.

ಇನ್ನೂ ಹಳೆಯ ಡೀಸೆಲ್ ಬೆಂಜ್ 240 ಡಿ ಇಟ್ಟುಕೊಂಡವರಿಗೆ ಒಂದು ಸಂತೋಷದ ಸಂಗತಿ. ಅದರ ಓಎಂ-616 ಇಂಜಿನ್ನನ್ನು ಬಜಾಜ್ ಟೆಂಪೋದವರು ಲೈಸೆನ್ಸ್ ಪಡೆದು ಇಲ್ಲೇ ಮಾಡಿದರು. ನಮ್ಮ ರಸ್ತೆಯಲ್ಲಿ ಜನ ತುಂಬಿಕೊಂಡು ಓಡಿದ ಟ್ರ್ಯಾಕ್ಸ್ ವಂಶದ ಇಂಜಿನ್ ಅದು. ಹಾಗಾಗಿ ಇಂಜಿನ್ ಸಾಮಾನನ್ನು ಮೊದಲು ಟೆಂಪೋ ಸ್ಪೇರ್ ಅಂಗಡಿಯಲ್ಲೇ ಕೇಳಿ. ಹಳೇದನ್ನು ಜೊತೆಗೆ ಒಯ್ದು ಅಳತೆ ಹಿಡಿದು ನೋಡಿ, ಎಲ್ಲವೂ ಹಾಗೇ ಕೂರುವುದಿಲ್ಲ. ಅದೇ ಕಾರು ಕೀಲಿ ತೆಗೆದರೂ ಬಂದ್ ಆಗದಿದ್ದರೆ ಬಾಗಿಲಿನ ಲಾಕ್ ನೋಡಿ. ಸೆಂಟ್ರಲ್ ಲಾಕ್ ಇದ್ದರೆ ಅದಕ್ಕೂ ಇಂಜಿನ್ ನಿಲ್ಲಿಸುವುದಕ್ಕೂ ಒಂದೇ ವ್ಯಾಕ್ಯೂಮ್, ಅಂದ್ರೆ ಗಾಳಿ ಹೀರುವ ಪೈಪಿನ ವ್ಯವಸ್ಥೆ. ಬಾಗಿಲಲ್ಲಿ ಸೋರಿದರೆ ಇಂಜಿನ್ ನಿಲ್ಲುವುದಿಲ್ಲ.

ತರಿಸುವ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ಮುಚ್ಚಿತು. ಮಳೆಗಾಲದಲ್ಲಿ ಅರಬೈಲ್ ಘಟ್ಟ ಹತ್ತಿ ಇಳಿದು ಬರುವ ಪಾರ್ಸೆಲ್ಲನ್ನು ನಂಬಿ ಇಂಜಿನ್ ಬಿಚ್ಚಿಡಬಾರದು. ಓ-ರಿಂಗ್, ಬೆಲ್ಟು, ತಾಮ್ರದ ಫ್ಯೂಸ್, ವೈಪರ್ ರಬ್ಬರ್ ಮನೆಯಲ್ಲಿರಲಿ. ಈ ಕಾರಿಗೆ ಇರುವುದು ಒಂದೇ ವೈಪರ್, ಅದು ನಿಂತರೆ ನೀವೂ ನಿಂತಿರಿ. ಹಲಸಿನ ಮರದಡಿ ನಿಲ್ಲಿಸುವವರು ಮುಂದಿನ ಗಾಜಿನ ಬುಡದ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಿರಿ. ಅಲ್ಲಿನ ನೀರಿನ ತೂತು ಕಟ್ಟಿದರೆ ನೀರು ಹೀಟರ್ ಬ್ಲೋವರ್ ಕಡೆಯಿಂದ ಕಾರಿನೊಳಗೆ ಇಳೀತದೆ. ಬಾಗಿಲ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ ಜ್ಯಾಕ್ ಕೊಡುವ ಜಾಗದ ತುಕ್ಕನ್ನೂ ಮಳೆಗೆ ಮೊದಲೇ ನೋಡಿಸಿ. ಹೊರಗಿನ ಹೊಳಪು ನೋಡಿ ಕಾರು ಕೊಳ್ಳಲು ಹೊರಟವರು ಕೂಡ ಆ ಹೊದಿಕೆ ಬಿಚ್ಚದೆ ಅಡ್ವಾನ್ಸ್ ಕೊಡಬೇಡಿ.