ಬರೆದವರು ಒಬ್ಬರು, ಕೆತ್ತಿದವರು ಇನ್ನೊಬ್ಬರು

ಕೇಳುಗರಿಗೆ ನಮಸ್ಕಾರ. ಆಲಿಸ್ ಅನ್ನೋ ಹುಡುಗಿಯ ಕತೆ ಗೊತ್ತಲ್ವಾ? ಗಡಿಯಾರ ನೋಡಿಕೊಂಡು ಓಡುವ ಬಿಳಿ ಮೊಲ ಇದೆಯಲ್ಲ, ಅದೇ. 1865ರ ಆ ಪುಸ್ತಕಕ್ಕೆ ಚಿತ್ರ ಬರೆದವರು ಜಾನ್ ಟೆನಿಯಲ್. ಆದರೆ ಅಚ್ಚಾದ ಪುಟದಲ್ಲಿ ಕಾಣುವ ಗೆರೆ ಮೂಡಿದ್ದು ಲಂಡನ್ನಿನ ಡಾಲ್ಜಿಯಲ್ ಸೋದರರ ಕೆತ್ತನೆಮನೆಯಲ್ಲಿ, ಅಂದರೆ ಚಿತ್ರವನ್ನು ಮರದ ಮೇಲೆ ಕೆತ್ತಿ ಅಚ್ಚಿನ ಬ್ಲಾಕು ಮಾಡುವ ಜಾಗದಲ್ಲಿ. ಅವರನ್ನು ಯಾರೂ ನೆನೆಯುವುದಿಲ್ಲ.

ಕೆಲಸ ಸುಮ್ನೆ ಆಗುವಂಥದ್ದಲ್ಲ. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಲಾಗಿ ಕೊಯ್ದು ನುಣ್ಣಗೆ ಉಜ್ಜುತ್ತಾರೆ. ಅದರ ಮೇಲೆ ಚಿತ್ರ ಎಡಬಲ ತಿರುಗಿ ಮೂಡಬೇಕು. ಮಸಿ ಹತ್ತುವ ಗೆರೆ ಉಬ್ಬಾಗಿ ನಿಲ್ಲಬೇಕು, ಮಿಕ್ಕ ಮರವೆಲ್ಲ ಎದ್ದುಹೋಗಬೇಕು. ಚಿತ್ರಕಾರನಿಗೇನು, ನೆರಳು ಬೇಕೆಂದರೆ ಪೆನ್ಸಿಲ್ ಹಿಡಿದು ಅಡ್ಡ ನಾಲ್ಕು, ಉದ್ದ ನಾಲ್ಕು ಗೆರೆ ಸರಸರ ಎಳೆದು ಎದ್ದುಹೋಗುತ್ತಾನೆ. ಕೆತ್ತುವವನು ಆ ಗೆರೆಗಳ ನಡುವೆ ಸಿಕ್ಕಿಕೊಂಡ, ಸಾಸಿವೆಗಿಂತ ಸಣ್ಣ ಚೌಕಗಳನ್ನು, ಒಂದು ಗೆರೆಯೂ ಮುರಿಯದ ಹಾಗೆ, ಒಂದೊಂದಾಗಿ ಹೆಕ್ಕಿ ತೆಗೆಯಬೇಕು. ಇಷ್ಟು ಕಷ್ಟ ಯಾಕೆ? ಮರದ ಬ್ಲಾಕು ಅಕ್ಷರದ ಅಚ್ಚುಮೊಳೆಯಷ್ಟೇ ಎತ್ತರ. ಅಕ್ಷರದ ಪಕ್ಕದಲ್ಲೇ ಕೂರಿಸಿ ಒಂದೇ ಏಟಿಗೆ ಅಚ್ಚು ಹಾಕಬಹುದಿತ್ತು. ಪುಸ್ತಕ ಅಗ್ಗವಾಗುತ್ತಿತ್ತು.

ಬಾಕ್ಸ್‌ವುಡ್ ಕಾಂಡ ಸಣ್ಣದು. ಪತ್ರಿಕೆಯ ದೊಡ್ಡ ಚಿತ್ರಕ್ಕೆ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಚಿತ್ರ ಬರೆದು, ಮತ್ತೆ ಬಿಚ್ಚಿ, ಕೆತ್ತಲು ಆಳಿಗೊಂದರಂತೆ ಹಂಚುತ್ತಿದ್ದರು; ಆಮೇಲೆ ಮತ್ತೆ ಜೋಡಿಸುತ್ತಿದ್ದರು. ಹಳೇ ಸಂಚಿಕೆಯ ಕೆಲವು ಚಿತ್ರಗಳ ನಡುವೆ ಸಣ್ಣ ಬಿಳಿ ಗೀಟು ಕಂಡರೆ ಅದೇ ಬೆಸುಗೆ.

ಇನ್ನು ಬಣ್ಣ. ಇಲ್ಲಿ ನನ್ನ ಮೆಚ್ಚಿನ ಆಸಾಮಿ ಲಂಡನ್ನಿನ ಮುದ್ರಕ ಎಡ್ಮಂಡ್ ಇವಾನ್ಸ್. ವಾಲ್ಟರ್ ಕ್ರೇನ್, ರ‍್ಯಾಂಡಾಲ್ಫ್ ಕಾಲ್ಡಿಕಾಟ್, ಕೇಟ್ ಗ್ರೀನವೇ, ಮೂವರೂ ಮಕ್ಕಳ ಚಿತ್ರಪುಸ್ತಕದಲ್ಲಿ ಹೆಸರು ಮಾಡಿದ್ದು ಇವರ ಪ್ರೆಸ್ಸಿನಿಂದಲೇ. ಮೊದಲು ಗೆರೆಯ ಬ್ಲಾಕು. ಅದರ ಪ್ರತಿಗೆ ಕಲಾವಿದರು ಬಣ್ಣ ಹಚ್ಚಿ ಕಳಿಸಬೇಕು. ಅದನ್ನು ನೋಡಿಕೊಂಡು ಕೆಂಪಿಗೊಂದು, ಹಳದಿಗೊಂದು, ನೀಲಿಗೊಂದು, ಮೈಬಣ್ಣಕ್ಕೊಂದು ಬೇರೆ ಬೇರೆ ಬ್ಲಾಕು. ಒಂದೇ ಹಾಳೆ ಮತ್ತೆ ಮತ್ತೆ ಯಂತ್ರಕ್ಕೆ ಹೋಗಿ ಬರಬೇಕು, ಪ್ರತಿ ಸಲವೂ ಅದೇ ಜಾಗಕ್ಕೆ ಕೂರಬೇಕು. ಒಂದು ಕೂದಲು ಜರುಗಿದರೂ ಹುಡುಗಿಯ ತುಟಿಯ ಕೆಂಪು ಗಲ್ಲಕ್ಕಿಳಿಯುತ್ತದೆ!

1879ರಲ್ಲಿ ಗ್ರೀನವೇಯವರ 'ಅಂಡರ್ ದ ವಿಂಡೋ' ಬಂತು. ಇವಾನ್ಸ್ ಮೊದಲೇ 20,000 ಪ್ರತಿ ಹಾಕಿಸಿದಾಗ ಪ್ರಕಾಶಕರಿಗೆ ಅದು ತೀರಾ ಜಾಸ್ತಿ ಅನ್ನಿಸಿತ್ತು. ಮರುಮುದ್ರಣ ಆಗುವಷ್ಟರಲ್ಲಿ ಅಷ್ಟೂ ಖಾಲಿ.

ಆಮೇಲೆ ಕೈಯಿಂದ ಕೆತ್ತದೆ ಫೋಟೋ ತೆಗೆದೇ ಚಿತ್ರ ಮೂಡಿಸುವ ಫೋಟೋ ಬ್ಲಾಕುಗಳು ಬಂದವು, ಶತಮಾನ ಮುಗಿಯುವ ಹೊತ್ತಿಗೆ ಕೆತ್ತುವವರ ಕೆಲಸ ಹೋಯಿತು.

'ಅಂಡರ್ ದ ವಿಂಡೋ' ಪುಸ್ತಕದ ಹಳೇ ಮುದ್ರಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಶೀರ್ಷಿಕೆ ಪುಟದಲ್ಲೇ ಕೆತ್ತಿ ಮುದ್ರಿಸಿದವರು ಇವಾನ್ಸ್ ಅಂತ ಹಾಕಿದ್ದಾರೆ. ಒಂದು ಮಗುವಿನ ಫ್ರಾಕನ್ನು ದೊಡ್ಡದು ಮಾಡಿ ನೋಡಿ. ದೂರಕ್ಕೆ ತಿಳಿಬಣ್ಣ ಅನ್ನಿಸಿದ್ದು ಹತ್ತಿರದಲ್ಲಿ ಒತ್ತೊತ್ತಾಗಿ ಕೆತ್ತಿದ ಗೆರೆಗಳು.