ಬೋಳಾದ ಮರವೆಲ್ಲ ಸತ್ತ ಮರವಲ್ಲ

ಕೇಳುಗರಿಗೆ ನಮಸ್ಕಾರ.

ಚಂಡಮಾರುತ ಹಾದುಹೋದ ಉದ್ಯಾನಕ್ಕೆ ಮೊದಲು ಬರುವುದು ಗರಗಸ. ದಾರಿಗೆ ಅಡ್ಡ ಬಿದ್ದ ಮರ, ವಿದ್ಯುತ್ ತಂತಿಗೆ ಒರಗಿದ ಮರ, ಮುರಿದರೂ ಕೆಳಗೆ ಬೀಳದೆ ತೂಗಾಡುವ ಕೊಂಬೆ, ಇವನ್ನು ಕೂಡಲೇ ತೆಗೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಆಮೇಲಿನ ಕೆಲಸದ ಬಗ್ಗೆ. ದಾರಿ ತೆರವಾದರೂ ಗರಗಸ ನಿಲ್ಲುವುದಿಲ್ಲ. ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಮರ ಸತ್ತೇಹೋಯಿತೆಂದು ಅದರ ಬುಡಕ್ಕೂ ಗರಗಸ ಇಡುತ್ತಾರೆ. ಅಮೆರಿಕದಲ್ಲಿ ಬಿದ್ದ ಮರಮಟ್ಟು ಸಾಗಿಸುವವರಿಗೆ ಎಷ್ಟೋ ಕಡೆ ಘನಗಜದ, ಅಂದರೆ ಗಾತ್ರದ, ಲೆಕ್ಕದಲ್ಲಿ ಹಣ ಸಿಗುತ್ತದೆ. ಹಾಗಿರುವಾಗ ಮರ ಉಳಿಸುವ ತಾಳ್ಮೆ ಯಾರಿಗಿರುತ್ತದೆ?

ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು, ಪಸೆ ಇದ್ದರೆ ಜೀವ ಇದೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಡಿದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸಿಟಿ ಪಾರ್ಕ್ ಉದ್ಯಾನ ಉಪ್ಪು ಬೆರೆತ ನೀರಿನಲ್ಲಿ ಮುಳುಗಿತು. ಸುಮಾರು 2000 ಮರಗಳು ಹೋದವು. ಮ್ಯಾಗ್ನೋಲಿಯಾ ಎಂಬ ಹೂಮರಗಳು ದೊಡ್ಡ ಸಂಖ್ಯೆಯಲ್ಲಿ ಒಣಗಿದವು. ಲೈವ್ ಓಕ್ ಎಂಬ ನಿತ್ಯಹಸಿರಿನ ಹಳೆಯ ಮರಗಳಲ್ಲಿ ಹೆಚ್ಚಿನವು ಚಿಗುರಿದವು.

ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಕಥೆ ಇನ್ನೂ ಸ್ವಾರಸ್ಯದ್ದು. 1987ರ ಅಕ್ಟೋಬರ್ 16ರ ಬಿರುಗಾಳಿಗೆ ಅಲ್ಲಿ ಸುಮಾರು 700 ಮರಗಳು ನಾಶವಾದವು. 1798ರಲ್ಲಿ ನೆಟ್ಟಿದ್ದ ಟರ್ನರ್ ಓಕ್ ಮರ ಬೇರುಸಮೇತ ಮೇಲಕ್ಕೆದ್ದು ಮತ್ತೆ ಅದೇ ಗುಂಡಿಯಲ್ಲಿ ಕೂತಿತು. ಗಾಳಿಗೆ ಮೊದಲೇ ಅದು ಸೊರಗಿದ್ದ ಮರ. ಅದಕ್ಕೆ ಆಧಾರ ಕೊಟ್ಟು, ಸಿಬ್ಬಂದಿ ಉಳಿದ ಕೆಲಸಕ್ಕೆ ಹೋದರು. ಮೂರು ವರ್ಷ ಕಳೆದು ನೋಡಿದರೆ ಮರ ಮೊದಲಿಗಿಂತ ಸೊಂಪಾಗಿ ಬೆಳೆದಿತ್ತು! ಸಂದರ್ಶಕರ ಕಾಲ್ತುಳಿತಕ್ಕೆ ಬುಡದ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟಿತ್ತು. ಬಿರುಗಾಳಿ ಅದನ್ನು ಅಲ್ಲಾಡಿಸಿ ಸಡಿಲ ಮಾಡಿತ್ತು. ಆಮೇಲೆ ಕ್ಯೂನವರು ಒತ್ತಡದ ಗಾಳಿ ಹಾಯಿಸಿ ಬೇರೆ ಮರಗಳ ಬುಡವನ್ನೂ ಸಡಿಲಿಸತೊಡಗಿದರು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಬಿದ್ದದ್ದನ್ನು ಸಾಗಿಸಲು ಬಂದ ಲಾರಿ, ಕ್ರೇನುಗಳು ಒದ್ದೆ ಮಣ್ಣಿನ ಮೇಲೆ ಓಡಾಡಿ, ಗಾಳಿಗೆ ಉಳಿದ ಮರಗಳ ಬೇರನ್ನೂ ಅಮುಕುತ್ತವೆ. ಹಲಗೆ ಹಾಸಿ ಒಂದೇ ದಾರಿಯಲ್ಲಿ ಓಡಾಡಿಸಿದರೆ ಎಷ್ಟೋ ಹಾನಿ ತಪ್ಪುತ್ತದೆ.

ಬುಡಮೇಲಾದ ಮರವನ್ನು ಎತ್ತಿ ನಿಲ್ಲಿಸಬಹುದೇ? ಎಳೆಯದಾದರೆ ಸರಿ. ಬೇರು ಒಣಗದಂತೆ ಒದ್ದೆ ಗೋಣಿ ಮುಚ್ಚಿ, ಬೇಗ ನಿಲ್ಲಿಸಿ, ಆಧಾರ ಕಟ್ಟಬೇಕು. ಬೇರೂರಿದ ಮೇಲೆ ಕಟ್ಟು ಬಿಚ್ಚಬೇಕು. ದೊಡ್ಡ ಮರದ ಬೇರು ಹರಿದಿದ್ದರೆ ಮುಂದಿನ ಗಾಳಿಗೆ ಜನರ ಮೇಲೆಯೇ ಬಿದ್ದೀತು. ಅದನ್ನು ಬಿಟ್ಟುಕೊಡುವುದೇ ಸರಿ.

ಉಳಿದ ಮರದ ತಲೆಯನ್ನು ಮಾತ್ರ ಸಮನಾಗಿ ಬೋಳಿಸಬೇಡಿ. ಕಡಿದಲ್ಲಿ ಗುಂಪಾಗಿ ಬರುವ ಚಿಗುರಿಗೆ ಕಾಂಡದ ಹಿಡಿತ ಸಾಲದು, ದಪ್ಪವಾದಾಗ ಕಿತ್ತು ಬೀಳುತ್ತದೆ. ಮೊದಲ ವರ್ಷ ಚಿಗುರು ಹಾಗೇ ಇರಲಿ, ಮರಕ್ಕೆ ಅನ್ನ ಬೇಯಿಸುವ ಎಲೆಗಳು ಅವೇ. ಆಮೇಲೆ ಗಟ್ಟಿಯಾದವನ್ನು ಆರಿಸಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸವರುತ್ತ ಹೋಗಬೇಕು. ಗೊಬ್ಬರಕ್ಕೂ ಆತುರ ಬೇಡ.

ಹೊಸದಾಗಿ ನೆಡುವಾಗ ಬಗೆಬಗೆಯ ಜಾತಿಗಳನ್ನು ಆರಿಸಿ, ಗುಂಪಾಗಿ ನೆಡಿ. ಒಂಟಿ ಮರಕ್ಕಿಂತ ಗುಂಪಿನ ಮರ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಇನ್ನು, ಸಸಿ ನೆಡುವ ಸಮಾರಂಭಕ್ಕೆ ದುಡ್ಡು ಸುಲಭವಾಗಿ ಹುಟ್ಟುತ್ತದೆ, ಮುಂದಿನ ಎರಡು ಬೇಸಿಗೆಯ ನೀರಿಗೆ ಹುಟ್ಟುವುದಿಲ್ಲ. ಆ ನೀರಿನ ಲೆಕ್ಕವನ್ನೂ ಮೊದಲ ದಿನವೇ ಅಂದಾಜು ಪಟ್ಟಿಯಲ್ಲಿ ಬರೆಸಿ. ನಮಸ್ಕಾರ.